ಸಂಖ್ಯಾಶಾಸ್ತ್ರದ ಪಾಠ: ಮೊದಲು ಅಂದಾಜು, ಆಮೇಲೆ ಸೂತ್ರ

ಬಿ.ಇಡಿ. ಇಂಟರ್ನ್‌ಶಿಪ್ಪಿಗೆಂದು ಕಲಬುರಗಿ, ಸೇಡಂ, ಆಳಂದ ಕಡೆಯ ಹೈಸ್ಕೂಲುಗಳಿಗೆ ಹೊರಟಿರುವ ಗಣಿತದ ಗೆಳೆಯರಿಗೆ ಈ ಟಿಪ್ಪಣಿ. ಹತ್ತನೇ ತರಗತಿಯಲ್ಲಿ "ಸರಾಸರಿ ಅಂದ್ರೇನು?" ಎಂದು ಕೇಳಿ ನೋಡಿ. "ಎಲ್ಲಾ ಕೂಡ್ಸಿ ಭಾಗಿಸೂದು ಸರ್" ಎಂಬ ಉತ್ತರ ತಟ್ಟನೆ ಬರುತ್ತದೆ. "ಯಾಕ ಭಾಗಿಸಬೇಕು?" ಎಂದರೆ ತರಗತಿಯೇ ಮೌನ. ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಪ್ರಶ್ನೆಯನ್ನೇ ಹೇಳದೆ ಉತ್ತರದ ಸೂತ್ರ ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಮಾರನೇ ದಿನ ಏನೂ ಉಳಿಯುವುದಿಲ್ಲ.

ಮೊದಲ ದಿನ ಪುಸ್ತಕ ತೆಗೆಸಬೇಡಿ. ಒಂದು ಗಾಜಿನ ಬಾಟಲಿ ತುಂಬ ತೊಗರಿ ಬೇಳೆ ಒಯ್ಯಿರಿ. (2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಪಡೆದ ನಮ್ಮ ಬೇಳೆ ಇರುವಾಗ ಗೋಲಿ, ಮಣಿ ಹುಡುಕುವುದೇಕೆ?) ಒಳಗೆ ಎಷ್ಟು ಕಾಳು ಇರಬಹುದು ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಪಕ್ಕದವರ ಚೀಟಿ ಇಣುಕುವಂತಿಲ್ಲ, ಅದು ಮುಖ್ಯ. ಚೀಟಿಗಳನ್ನು ಏರಿಕೆ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಇಡಿಸಿ, ನಟ್ಟನಡುವಿನದು ಮಧ್ಯಾಂಕ. ಎಲ್ಲವನ್ನೂ ಕೂಡಿಸಿ ಭಾಗಿಸಿ ಸರಾಸರಿಯನ್ನೂ ತೆಗೆಸಿ. ಹಿಂದಿನ ಬೆಂಚಿನಿಂದ ಒಬ್ಬ ಬೇಕೆಂದೇ "1,00,000" ಎಂದು ಬರೆದಿರುತ್ತಾನೆ, ಖಾತ್ರಿ. ಅವನನ್ನು ಗದರಿಸಬೇಡಿ, ಪಾಠ ನಡೆಸಿಕೊಡುವವನೇ ಅವನು. ಅವನ ಚೀಟಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ಲೆಕ್ಕ ಮಾಡಿಸಿ. ಸರಾಸರಿ ಎಲ್ಲಿಂದ ಎಲ್ಲಿಗೋ ಹಾರುತ್ತದೆ, ಮಧ್ಯಾಂಕ ಹೆಚ್ಚೆಂದರೆ ಒಂದು ಚೀಟಿಯಷ್ಟು ಆಚೀಚೆ ಆಗುತ್ತದೆ. ನಿಜವಾದ ಎಣಿಕೆಗೆ, ಬಾಟಲಿಯ ಮುಚ್ಚಳದ ತುಂಬ ಎಷ್ಟು ಕಾಳು ಹಿಡಿಯುತ್ತದೆ ನೋಡಿ, ಇಡೀ ಬಾಟಲಿ ಎಷ್ಟು ಮುಚ್ಚಳ ಎಂದು ಅಳೆದು ಗುಣಿಸಿದರೆ ಸಾಕು.

ಈ ಆಟಕ್ಕೆ ಹಳೆಯ ಕಥೆಯೊಂದಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ದನದ ಪ್ರದರ್ಶನದಲ್ಲಿ, ಒಂದು ಎತ್ತನ್ನು ಕಡಿದು ಹಸನು ಮಾಡಿದ ಮೇಲೆ ಎಷ್ಟು ತೂಗುತ್ತದೆ ಎಂದು ಜನ ಪಂದ್ಯ ಕಟ್ಟಿದ್ದರು. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ಪಡೆದು, ಓದಲು ಬಂದ 787ನ್ನು ಜೋಡಿಸಿದ. ಮಧ್ಯಾಂಕ 1207 ಪೌಂಡ್, ನಿಜವಾದ ತೂಕ 1198. ಸರಾಸರಿ ಇನ್ನೂ ಹತ್ತಿರ, 1197! ಹಾಗಾದರೆ ಬಾಟಲಿಯ ಆಟದಲ್ಲಿ ಮಧ್ಯಾಂಕವೇ ಮೇಲು ಎನಿಸಿದ್ದು ಸುಳ್ಳಾಯಿತೇ? ಈ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ. ಅಲ್ಲಿ ಚೀಟಿಗೆ ಆರು ಪೆನ್ಸ್ ಕೊಡಬೇಕಿತ್ತು, ಗೆದ್ದರೆ ಬಹುಮಾನವಿತ್ತು. ಸುಮ್ಮನೆ ಒಂದು ಲಕ್ಷ ಬರೆಯಲು ಯಾರಿಗೆ ಮನಸ್ಸಾದೀತು?

ಎರಡನೇ ದಿನಕ್ಕೆ ಬೋರ್ಡಿನ ಮೇಲೆ ಐದೇ ಅಂಕಿ ಸಾಕು. ಒಂದು ಊರಿನ ಐದು ಮನೆಗಳ ಹೊಲ, ಎಕರೆಗಳಲ್ಲಿ: 2, 3, 3, 4, 38. ಸರಾಸರಿ 10 ಎಕರೆ. "ಈ ಊರಾಗ ಹತ್ತು ಎಕರೆ ಇರೋ ಮನಿ ಯಾವುದದ?" ಎಂದು ಕೇಳಿ. ಒಂದೂ ಇಲ್ಲ. ಮಧ್ಯಾಂಕ 3. ಈಗ 38ನ್ನು ಅಳಿಸಿ 88 ಬರೆಯಿರಿ: ಸರಾಸರಿ 20ಕ್ಕೆ ಏರಿತು, ಮಧ್ಯಾಂಕ 3ರಲ್ಲೇ ಇದೆ. ಬೀಜ, ಗೊಬ್ಬರ ಒಟ್ಟು ಎಷ್ಟು ಬೇಕು ಎನ್ನುವವರಿಗೆ ಸರಾಸರಿ ಬೇಕು, ಐದರಿಂದ ಗುಣಿಸಿದರೆ ಒಟ್ಟು ಎಕರೆ ಸಿಗುತ್ತದೆ. ನಡುವಿನ ರೈತನ ಸ್ಥಿತಿ ಹೇಗಿದೆ ಎನ್ನುವವರಿಗೆ ಮಧ್ಯಾಂಕ ಬೇಕು. ಆದರೆ ಮಕ್ಕಳ ಸ್ವಂತ ಮನೆಯ ಹೊಲ, ಅಪ್ಪನ ಕೂಲಿ, ಅವರ ತೂಕ, ಹಿಂದಿನ ಪರೀಕ್ಷೆಯ ಅಂಕ ಇವನ್ನು ಮಾತ್ರ ದತ್ತಾಂಶ ಮಾಡಬೇಡಿ. ಎಲ್ಲರ ಎದುರು ಸಣ್ಣ ಅಂಕಿ ಹೇಳಬೇಕಾದ ಹುಡುಗಿ ಆ ಪಾಠವನ್ನು ಬೇರೆಯದೇ ಕಾರಣಕ್ಕೆ ನೆನಪಿಡುತ್ತಾಳೆ.

ಬಹುಲಕಕ್ಕೆ ಹೆಚ್ಚು ಹೊತ್ತು ಬೇಡ. ಸರ್ಕಾರಿ ಶಾಲೆಗೆ ಶೂ ತರಿಸುವಾಗ ಅಳತೆ ಬರೆದುಕೊಳ್ಳುವುದು ಮಕ್ಕಳಿಗೆ ಗೊತ್ತು. ಸರಾಸರಿ 5.4 ಎಂದು ಬಂದರೆ ಆ ಶೂ ಯಾರ ಕಾಲಿಗೂ ಆಗದು. ನಾಲ್ಕು ಜೊತೆ ಹೆಚ್ಚಿಗೆ ತರಿಸುವುದಾದರೆ ಯಾವ ಅಳತೆಯವು? ಹೆಚ್ಚು ಮಕ್ಕಳ ಅಳತೆ ಯಾವುದೋ ಅದು, ಅದೇ ಬಹುಲಕ.

ನಿಜವಾದ ತೊಡಕು ವರ್ಗೀಕೃತ ದತ್ತಾಂಶದ (ಗುಂಪು ಮಾಡಿ ಕೊಟ್ಟ ಅಂಕಿಗಳ) ಮಧ್ಯಾಂಕದ್ದು. ಸೂತ್ರದಲ್ಲಿ l (ಮಧ್ಯಾಂಕ ಇರುವ ಗುಂಪಿನ ಕೆಳಮಿತಿ), n (ಒಟ್ಟು ಸಂಖ್ಯೆ), cf (ಅದರ ಹಿಂದಿನ ಗುಂಪುಗಳ ಮೊತ್ತ), f (ಆ ಗುಂಪಿನ ಸಂಖ್ಯೆ), h (ಗುಂಪಿನ ಅಗಲ) ಎಲ್ಲ ಒಟ್ಟಿಗೆ ಬಂದಾಗ ಮಕ್ಕಳು ಕಣ್ಣುಮುಚ್ಚಿ ಬೆಲೆ ತುಂಬುತ್ತಾರೆ. ಸೂತ್ರ ಹೇಳದೆಯೇ ಲೆಕ್ಕ ಬಿಡಿಸಿ. ಮನೆಯಿಂದ ಶಾಲೆಗೆ ಬರಲು ಹಿಡಿಯುವ ನಿಮಿಷಗಳು, 40 ಮಕ್ಕಳು ಎಂದುಕೊಳ್ಳೋಣ:

0–10 : 6
10–20 : 10
20–30 : 16
30–40 : 6
40–50 : 2

ಎಲ್ಲರನ್ನೂ ಸಮಯದ ಕ್ರಮದಲ್ಲಿ ಸಾಲು ನಿಲ್ಲಿಸಿದರೆ ಅರ್ಧ ಸಾಲು 20ಕ್ಕೆ ಮುಗಿಯುತ್ತದೆ. ಮೊದಲ ಎರಡು ಗುಂಪಿನಲ್ಲಿ 16 ಮಕ್ಕಳು ಕಳೆದರು. ಇನ್ನು 4 ಬೇಕು. ಮುಂದಿನ ಗುಂಪಿನಲ್ಲಿ 16 ಮಂದಿ 10 ನಿಮಿಷದ ಅಗಲದಲ್ಲಿ ಸಮನಾಗಿ ಹರಡಿದ್ದಾರೆ ಎಂದು ಇಟ್ಟುಕೊಂಡರೆ, 16ರಲ್ಲಿ 4 ಅಂದರೆ ಕಾಲು ಭಾಗ. 10 ನಿಮಿಷದ ಕಾಲು 2.5. ಹಾಗಾಗಿ ಮಧ್ಯಾಂಕ 20 + 2.5 = 22.5. ಇದಾದ ಮೇಲೆ ಸೂತ್ರ ಬರೆದು, ಪ್ರತಿ ಅಕ್ಷರದ ಕೆಳಗೆ ಆಗಲೇ ಬಾಯಲ್ಲಿ ಹೇಳಿದ ಅಂಕಿಯನ್ನು ಇಡಿ. cf ಎಂದರೆ "ಆಗಲೇ ಕಳೆದವರು", ಅಷ್ಟೆ. ಓಜೀವ್ (ಕೂಡಿಸುತ್ತ ಹೋದ ಸಂಖ್ಯೆಗಳ ವಕ್ರರೇಖೆ) ಎಳೆಯುವಾಗಲೂ ಇದೇ ಪಟ್ಟಿ ಬಳಸಿ. ಅಡ್ಡ ಅಕ್ಷದ 22.5ರ ಹತ್ತಿರವೇ "ಇದಕ್ಕಿಂತ ಕಡಿಮೆ", "ಇದಕ್ಕಿಂತ ಹೆಚ್ಚು" ಎಂಬ ಎರಡೂ ವಕ್ರರೇಖೆಗಳು ಕೂಡುತ್ತವೆ.

ಸರಾಸರಿಗೆ ಅಂದಾಜು ಸರಾಸರಿ ವಿಧಾನ ಹಿಡಿಯಿರಿ. 25 ಎಂದು ಅಂದಾಜಿಟ್ಟರೆ ವಿಚಲನೆಗಳ (ಪ್ರತಿ ಮಗುವಿನ ಗುಂಪಿನ ನಡುಬೆಲೆ 25ರಿಂದ ಎಷ್ಟು ಆಚೀಚೆ ಎಂಬುದರ) ಮೊತ್ತ –120, ಪ್ರತಿಯೊಬ್ಬರಿಗೆ –3, ಸರಾಸರಿ 22. ಇದೂ ಅಂದಾಜು ಮಾಡಿ ತಿದ್ದಿಕೊಳ್ಳುವ ಆಟವೇ ಎಂದು ಮಕ್ಕಳೇ ಗುರುತಿಸುತ್ತಾರೆ. ಇದೇ ಪಟ್ಟಿಗೆ ಬಹುಲಕದ ಸೂತ್ರ ಹಾಕಿದರೆ 23.75 ಬರುತ್ತದೆ. ಆದರೆ ಬಹುಲಕಕ್ಕೆ ಹೇಳುವ ಇನ್ನೊಂದು ಸಂಬಂಧದಂತೆ 3 × ಮಧ್ಯಾಂಕದಲ್ಲಿ 2 × ಸರಾಸರಿ ಕಳೆದರೆ ಬರುವುದು 23.5. "ಸರ್, ತಪ್ಪಾಗ್ಯದ" ಎನ್ನುತ್ತಾರೆ. ತಪ್ಪಲ್ಲ. ಆ ಸಂಬಂಧ ಅನುಭವದಿಂದ ಕಂಡುಕೊಂಡ ಸರಿಸುಮಾರು ಲೆಕ್ಕ. ಎಲ್ಲ ದತ್ತಾಂಶಕ್ಕೂ ಕರಾರುವಾಕ್ಕಾಗಿ ಹೊಂದುವುದಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಸೂತ್ರಕ್ಕೂ ಹಂತಕ್ಕೂ ಅಂಕ ಇರುವುದರಿಂದ ಬಾಯಿಲೆಕ್ಕ ಬಂದರೆ ಸಾಕೆಂದು ಬಿಡುವಂತಿಲ್ಲ. ನೋಟ್‌ಬುಕ್ಕಿನ ಪುಟ ಎರಡು ಭಾಗ ಮಾಡಿಸಿ: ಎಡಕ್ಕೆ ತನ್ನ ಮಾತಿನಲ್ಲಿ ಬಿಡಿಸಿದ್ದು, ಬಲಕ್ಕೆ ಸೂತ್ರ ಹಾಕಿ ಬಿಡಿಸಿದ್ದು. ಎರಡೂ ಉತ್ತರ ಒಂದೇ ಬರದಿದ್ದರೆ ನಿಮ್ಮ ಹತ್ತಿರ ಬರುವ ಮೊದಲು ಪಕ್ಕದವರಿಗೆ ತೋರಿಸಲಿ.