ನೆಟ್‌ವರ್ಕ್ ಸಿಗದ ತೋಟದ ಮನೆಗೆ ಯಾವ ಕ್ಯಾಮೆರಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆ. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಇಂಟರ್ನೆಟ್ ಇಲ್ಲದೆ ಸಿಸಿಟಿವಿ ಹಾಕಿಸಿದರೆ ಪ್ರಯೋಜನ ಇದೆಯಾ? ಯಾವುದು ತಗೊಳ್ಳಲಿ?

ಉತ್ತರ: ಖಂಡಿತ ಇದೆ. ಕಾಫಿ ಕಣಕ್ಕೆ ಬೀಳುವ ಹೊತ್ತಿಗೆ ಕಳಸದಿಂದ ಸಕಲೇಶಪುರದವರೆಗೂ ಇದೇ ಪ್ರಶ್ನೆ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ರೆಕಾರ್ಡ್ ಆಗಲು ಇಂಟರ್ನೆಟ್ ಬೇಡ. ವಿಮಾನ ಮೋಡ್‌ನಲ್ಲಿಟ್ಟ ಫೋನಿನಲ್ಲೂ ವಿಡಿಯೊ ತೆಗೆಯಬಹುದು ಅಲ್ವಾ? ಇಲ್ಲೂ ಹಾಗೆಯೇ. ಕ್ಯಾಮೆರಾ ಕಂಡದ್ದು ಕೇಬಲ್ ಮೂಲಕ ಮನೆಯೊಳಗಿನ ರೆಕಾರ್ಡರ್‌ಗೆ ಬಂದು, ಅದರ ಹಾರ್ಡ್ ಡಿಸ್ಕ್‌ನಲ್ಲಿ ಕೂರುತ್ತದೆ. ರೆಕಾರ್ಡರ್ ಡಿವಿಆರ್ ಎಂಬ ಬಗೆಯದಾಗಲಿ, ಎನ್‌ವಿಆರ್ ಆಗಲಿ, ಕೆಲಸ ಇದೇ. ನೋಡಬೇಕಾದಾಗ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಸಿಕ್ಕಿಸಿ. ನಂಬಿಕೆ ಬರದಿದ್ದರೆ, ಈಗಾಗಲೇ ಇಂಥ ರೆಕಾರ್ಡರ್ ಇರುವ ನೆಂಟರ ಮನೆಯಲ್ಲಿ ಒಂದು ಗಂಟೆ ಇಂಟರ್ನೆಟ್ ಕೇಬಲ್ ಕಿತ್ತಿಡಿ. ಆಮೇಲೆ ಆ ಒಂದು ಗಂಟೆಯ ರೆಕಾರ್ಡಿಂಗ್ ತೆರೆದು ನೋಡಿ. ಎಲ್ಲ ಇರುತ್ತದೆ.

ಇಂಟರ್ನೆಟ್ ಬೇಕಾಗುವುದು ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ನೋಡಲು, ಯಾರಾದರೂ ಬಂದಾಗ ಮೊಬೈಲ್‌ಗೆ ಎಚ್ಚರಿಕೆ ಬರಲು. ಆ ಎರಡು ಅನುಕೂಲ ನಿಮಗೆ ಸಿಗುವುದಿಲ್ಲ, ನಿಜ. ಆದರೆ ಅವಿಲ್ಲ ಎಂದು ಕ್ಯಾಮೆರಾವನ್ನೇ ಬಿಡುವುದು ಸರಿಯಲ್ಲ.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ವೈಫೈ ಕ್ಯಾಮೆರಾಗಳಿಂದ. ಕೆಲವು ಮಾದರಿಗಳು ವಿಡಿಯೊವನ್ನು ಕಂಪನಿಯ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ತಲುಪುವ ಅವರ ಕಂಪ್ಯೂಟರ್‌ಗಳಲ್ಲಿ ಮಾತ್ರ ಇಡುತ್ತವೆ. ನೆಟ್ ಹೋದರೆ ಅವುಗಳಲ್ಲಿ ಏನೂ ಉಳಿಯುವುದಿಲ್ಲ. ಮೆಮೊರಿ ಕಾರ್ಡ್ ಹಾಕುವ ವೈಫೈ ಕ್ಯಾಮೆರಾಗಳಿಗೆ ಈ ತೊಂದರೆ ಇಲ್ಲ. ಆದರೆ ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ಕಾರ್ಡೂ ಅದರ ಜೊತೆಗೇ ಹೋಗುತ್ತದೆ.

ಹಾಗಾಗಿ ನಿಮಗೆ ಕೇಬಲ್ ಎಳೆದ ಕ್ಯಾಮೆರಾಗಳೇ ಸರಿ. ರೆಕಾರ್ಡರ್ ಹಾಲ್‌ನ ಟಿವಿ ಪಕ್ಕ ಬೇಡ, ಕಣ್ಣಿಗೆ ಬೀಳದ ಜಾಗದಲ್ಲಿರಲಿ. ಕಣ ದೂರವಿದ್ದರೆ ಅಳತೆ ಮಾಡಿಸಿ. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೆ ನಡುವೆ ಒಂದು ನೆಟ್‌ವರ್ಕ್ ಸ್ವಿಚ್ (ಸಿಗ್ನಲ್ ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21 ಜಿಬಿ. ಅಂಥ ನಾಲ್ಕು ಕ್ಯಾಮೆರಾಗಳಿಗೆ 1 ಟಿಬಿ ಡಿಸ್ಕ್ 11 ದಿನ ಬರುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ವಾರಕ್ಕೊಮ್ಮೆ ಮಾತ್ರ ತೋಟಕ್ಕೆ ಹೋಗುವವರು 2 ಟಿಬಿ ಹಾಕಿಸಿ.

ಕರೆಂಟ್ ವಿಷಯ ನಿಮಗೆ ಹೇಳಬೇಕಿಲ್ಲ. ರೆಕಾರ್ಡರ್ ಜೊತೆಗೆ ಕ್ಯಾಮೆರಾಗಳ ಪವರ್ ಸಪ್ಲೈ ಕೂಡ ಇನ್ವರ್ಟರ್ ಲೈನಿಗೆ ಬರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆತ ಮನೆಗಳೇ ಜಾಸ್ತಿ. ಮಳೆಗೆ ಐಪಿ66 ಅಥವಾ ಐಪಿ67 (ನೀರು, ದೂಳು ಒಳಹೋಗದಂತೆ ಇರುವ ರಕ್ಷಣೆಯ ಮಟ್ಟ) ಇರುವ ಕ್ಯಾಮೆರಾ ತಗೊಳ್ಳಿ. ಮಂಜು ಮುಸುಕಿದ ರಾತ್ರಿ ಕ್ಯಾಮೆರಾ ಬೀರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಮಂಜಿಗೇ ತಾಗಿ ವಾಪಸ್ ಬಂದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಕಣದ ಹತ್ತಿರ, ಕ್ಯಾಮೆರಾದಿಂದ ದೂರದಲ್ಲಿ ಒಂದು ಬಲ್ಬ್ ಉರಿಯುತ್ತಿದ್ದರೆ ಎಷ್ಟೋ ಉತ್ತಮ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ನೆಟ್ ಇದ್ದರೆ ರೆಕಾರ್ಡರ್ ಗಡಿಯಾರ ತಾನೇ ಸರಿ ಮಾಡಿಕೊಳ್ಳುವಂತೆ ಇಡಬಹುದು. ನಿಮ್ಮಲ್ಲಿ ಅದು ನಿಧಾನಕ್ಕೆ ತಪ್ಪುತ್ತಾ ಹೋಗುತ್ತದೆ. ತಿಂಗಳಿಗೊಮ್ಮೆ ಕೈಯಾರೆ ಸರಿಪಡಿಸಿ. ಮೆಣಸಿನ ಚೀಲ ಹೋದದ್ದು ರಾತ್ರಿ ಎರಡಕ್ಕೆ, ವಿಡಿಯೊದಲ್ಲಿ ಸಂಜೆ ಆರು ಎಂದಿದ್ದರೆ ಸುಮ್ನೆ ವಾದಕ್ಕೆ ದಾರಿಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಂಥ ವಿಡಿಯೊದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಅದನ್ನು ಯಾವ ಉಪಕರಣದಿಂದ, ಹೇಗೆ ತೆಗೆದದ್ದು ಎಂದು ತಿಳಿಸುವ ಪ್ರಮಾಣಪತ್ರವೂ ಬೇಕು. ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಹಂಚಿದ್ದನ್ನೇ ನಂಬಿ ಕೂರಬೇಡಿ. ಕಳವಾದದ್ದು ಗೊತ್ತಾದ ದಿನವೇ ಆ ಹೊತ್ತಿನ ರೆಕಾರ್ಡಿಂಗ್ ಅನ್ನು ರೆಕಾರ್ಡರ್‌ನಿಂದ ನೇರವಾಗಿ ಪೆನ್‌ಡ್ರೈವ್‌ಗೆ ಇಳಿಸಿ. ಪೊಲೀಸರು ಬಂದು ನೋಡುವವರೆಗೆ ಹಾರ್ಡ್ ಡಿಸ್ಕ್ ಅನ್ನು ಬದಲಿಸಬೇಡಿ, ಫಾರ್ಮ್ಯಾಟ್ ಮಾಡಲೂ ಬಿಡಬೇಡಿ.