ಚಳಿಗೆ ನಡುಗುವ ಹಕ್ಕಿ, ಮಲಗಿಬಿಡುವ ಅಳಿಲು

ಜನವರಿಯ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಆಲ್ದೂರು ಕಡೆಯ ಬೆಳೆಗಾರರೊಬ್ಬರು ರಟ್ಟಿನ ಡಬ್ಬದಲ್ಲಿ ಒಂದು ಪಿಕಳಾರ ಹಕ್ಕಿಯನ್ನು ನನ್ನ ಕ್ಲಿನಿಕ್ಕಿಗೆ ತಂದರು. ಪುಕ್ಕ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ‘ಚಳಿಗೆ ನಿದ್ದೆ ಹೋಗಿದೆ ಡಾಕ್ಟ್ರೇ, ಟೀವೀಲಿ ಅಳಿಲು ತೋರಿಸ್ತಾರಲ್ಲ, ಹಾಗೆ’ ಅಂದರು. ಪ್ರತಿ ಚಳಿಗಾಲವೂ ಯಾರಾದರೊಬ್ಬರು ಈ ಮಾತು ಹೇಳೇ ಹೇಳುತ್ತಾರೆ.

ಅವರು ನೋಡಿದ್ದು ಅಲಾಸ್ಕಾದ ನೆಲ ಅಳಿಲು. ನಮ್ಮ ಬೆನ್ನಪಟ್ಟೆಯ ಅಳಿಲು ಹಾಗೆಲ್ಲ ಮಲಗುವುದಿಲ್ಲ. ಆ ನೆಲ ಅಳಿಲು ಬಿಲದೊಳಗೆ ಏಳೆಂಟು ತಿಂಗಳು ಮಲಗಿರುತ್ತದೆ. ಅದರ ಮೈ ಮೈನಸ್ 2.9 ಡಿಗ್ರಿವರೆಗೂ ತಣ್ಣಗಾಗುತ್ತದೆ ಅಂತ 1989ರಲ್ಲೇ ವರದಿಯಾಗಿತ್ತು, ಅಷ್ಟಾದರೂ ರಕ್ತ ಮಂಜುಗಡ್ಡೆ ಆಗುವುದಿಲ್ಲ! ಎರಡು ಮೂರು ವಾರಕ್ಕೊಮ್ಮೆ ಮೈಯೊಳಗಿನ ಕಂದು ಕೊಬ್ಬನ್ನು (ಬಿಸಿ ಹುಟ್ಟಿಸಲೆಂದೇ ಇರುವ ಕೊಬ್ಬು) ಉರಿಸಿ, ನಡುಗಿ, ನಮ್ಮ ನಿಮ್ಮಷ್ಟೇ ಬೆಚ್ಚಗಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣಗಾಗಿಬಿಡುತ್ತದೆ.

ಅದೇ ಅಲಾಸ್ಕಾದಲ್ಲಿ ಕಪ್ಪು ಟೋಪಿಯ ಚಿಕಡೀ ಅಂತ ಒಂದು ಪುಟ್ಟ ಹಾಡುಹಕ್ಕಿ ಇದೆ. ನಮ್ಮ ಕಾಫಿ ತೋಟದ ಚೇಕಡಿ ಹಕ್ಕಿಯ ದಾಯಾದಿ. ತೂಕ 10-12 ಗ್ರಾಂ ಅಷ್ಟೇ, ಎರಡು ಚಮಚ ಸಕ್ಕರೆಯಷ್ಟು. ಕಂದು ಕೊಬ್ಬು ಹಕ್ಕಿಗಳಿಗೆ ಇರುವುದೇ ಇಲ್ಲ. ಹಾಗಾಗಿ ಇದು ರಾತ್ರಿ ಮೈಬಿಸಿಯನ್ನು 10-12 ಡಿಗ್ರಿ ಇಳಿಸಿಕೊಂಡು, ಎದೆಯ ಮಾಂಸವನ್ನು ನಡುಗಿಸುತ್ತಾ, ಹಗಲು ತಿಂದು ಕೂಡಿಸಿದ ಕೊಬ್ಬನ್ನು ಬೆಳಗಾಗುವಷ್ಟರಲ್ಲಿ ಖರ್ಚು ಮಾಡಿರುತ್ತದೆ. ಬೆಳಿಗ್ಗೆ ಮತ್ತೆ ಹೊಟ್ಟೆಪಾಡು. ಬೀಜಗಳನ್ನು ಒಂದೊಂದನ್ನೂ ಒಂದೊಂದು ಕಡೆ ಬಚ್ಚಿಟ್ಟು, ವಾರಗಳ ಮೇಲೂ ಜಾಗ ನೆನಪಿಟ್ಟು ಹುಡುಕುತ್ತದೆ. ಅಳಿಲಿನದ್ದು ಕಣಜ ತುಂಬಿಸಿ ಬಾಗಿಲು ಹಾಕಿಕೊಂಡಂಥ ಬದುಕು. ಹಕ್ಕಿಯದ್ದು ದಿನಗೂಲಿ. ನನ್ನ ಕೇಳಿದರೆ ಹಕ್ಕಿಯ ಬದುಕೇ ಜಾಸ್ತಿ ಕಷ್ಟದ್ದು.

ನಮ್ಮ ಪಿಕಳಾರದ್ದೂ ದಿನಗೂಲಿಯೇ ಅಲ್ವಾ? ಬೆಳಕು ಹರಿದ ಮೇಲೂ ಹಕ್ಕಿ ಉಬ್ಬಿಕೊಂಡು ನೆಲದಲ್ಲೇ ಕೂತಿದ್ದರೆ, ಹತ್ತಿರ ಹೋದರೂ ಹಾರದಿದ್ದರೆ, ಅದು ನಿದ್ದೆಯಲ್ಲ. ಶಕ್ತಿ ಮುಗಿದಿದೆ, ಇಲ್ಲಾ ಪೆಟ್ಟಾಗಿದೆ, ಕಾಯಿಲೆಯಾಗಿದೆ. ಸುಮ್ನೆ ಮಲಗಲಿ ಅಂತ ಬಿಡಬೇಡಿ. ದಯವಿಟ್ಟು ಕೊಕ್ಕಿಗೆ ನೀರು ಹಾಕಬೇಡಿ. ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ನೇರ ಅಲ್ಲಿಗೇ ಇಳಿಯುತ್ತದೆ. ತೂತು ಮಾಡಿದ ರಟ್ಟಿನ ಡಬ್ಬ ಸಾಕು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಗಿಡಿ, ಕತ್ತಲಾಗಿರಲಿ, ಆಮೇಲೆ ವೈದ್ಯರ ಹತ್ತಿರ ತನ್ನಿ.

ಅವತ್ತು ನಾನು ಮಾಡಿದ್ದೂ ಅಷ್ಟೇ. ಬಿಸಿಲು ಸಿಲ್ವರ್ ಮರದ ತುದಿ ದಾಟುವ ಹೊತ್ತಿಗೆ ಡಬ್ಬದೊಳಗೆ ಪರಪರ ಸದ್ದು. ಪಪ್ಪಾಯಿ ತುಂಡು ಇಟ್ಟೆ, ಎರಡು ಸಲ ಕುಕ್ಕಿತು. ಸಿಕ್ಕಿದ ಗಿಡದ ಹತ್ತಿರವೇ ಬಿಡಿ ಅಂತ ಹೇಳಿ ಕಳಿಸಿದೆ.