ತಾಜಾ ರಕ್ತದ ಕಬ್ಬಿಣ ಇಪಿಆರ್‌ಗೆ ಏಕೆ ಕಾಣುವುದಿಲ್ಲ?

ಪ್ರಶ್ನೆ: ಹಿಮೋಗ್ಲೋಬಿನ್ ತುಂಬ ಕಬ್ಬಿಣವಿದ್ದರೂ ತಾಜಾ ರಕ್ತವನ್ನು ಇಪಿಆರ್ (ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೋನನ್ಸ್) ಯಂತ್ರದಲ್ಲಿಟ್ಟಾಗ ಅದರ ಸಂಕೇತ ಸಿಗುವುದಿಲ್ಲವಲ್ಲ, ಏಕೆ?

ಉತ್ತರ: ಇಪಿಆರ್ ಹುಡುಕುವುದು ಕಬ್ಬಿಣವನ್ನಲ್ಲ, ಜೋಡಿಯಿಲ್ಲದ ಎಲೆಕ್ಟ್ರಾನನ್ನು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಒಟ್ಟು ಸ್ಪಿನ್ (ಎಲೆಕ್ಟ್ರಾನಿನ ಕಾಂತತ್ವಕ್ಕೆ ಮೂಲವಾದ ಗುಣ) ಸೊನ್ನೆ, ಹಾಗಾಗಿ ಅಲ್ಲಿ ಕಾಣಲು ಏನೂ ಇಲ್ಲ. ಆಮ್ಲಜನಕ ಕಳಚಿದ ಮೇಲೆ ಪ್ರತಿ ಕಬ್ಬಿಣದಲ್ಲೂ ಜೋಡಿಯಿಲ್ಲದ 4 ಎಲೆಕ್ಟ್ರಾನುಗಳಿರುತ್ತವೆ, ಅಯಸ್ಕಾಂತ ಅದನ್ನು ಸೆಳೆಯುತ್ತದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಕಾಂತಕ್ಷೇತ್ರದಲ್ಲಿ ತೂಗಿ ತೋರಿಸಿದ್ದು ಈ ವ್ಯತ್ಯಾಸವನ್ನೇ. ಆದರೂ ಇಪಿಆರ್‌ನಲ್ಲಿ ಅದೂ ಮೌನ. ಅದರ ಸ್ಪಿನ್ ಮಟ್ಟಗಳ ಅಂತರ ಕಾಂತಕ್ಷೇತ್ರ ಇಲ್ಲದಾಗಲೇ ಎಷ್ಟು ದೊಡ್ಡದೆಂದರೆ, ಸಾಮಾನ್ಯ ಯಂತ್ರದ 9.5 ಗಿಗಾಹರ್ಟ್ಸ್ ಮೈಕ್ರೋವೇವ್‌ಗೆ ಅದು ನಿಲುಕುವುದಿಲ್ಲ. ಈ ಎರಡು ಮೌನಗಳನ್ನು ಒಂದೇ ಎಂದು ತಿಳಿಯುವುದೇ ದೊಡ್ಡ ತಪ್ಪು.

ಕಬ್ಬಿಣವನ್ನು ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡ ಫೆರಿಕ್ ಸ್ಥಿತಿಗೆ, ಅಂದರೆ ಮೆಟ್‌ಹಿಮೋಗ್ಲೋಬಿನ್‌ಗೆ ತಂದರೆ 5 ಒಂಟಿ ಎಲೆಕ್ಟ್ರಾನುಗಳು ಸಿಗುತ್ತವೆ. ಸಂಕೇತದ ಸ್ಥಾನವನ್ನು ಹೇಳುವ ಜಿ ಮೌಲ್ಯ 6ರಲ್ಲಿ, ಅಂದರೆ ಕಾಂತಕ್ಷೇತ್ರ ಸುಮಾರು 1130 ಗಾಸ್ ಇರುವಲ್ಲಿ, ದೊಡ್ಡ ಸಂಕೇತ ಬರುತ್ತದೆ. ತೊಳೆದ ಕೆಂಪು ಕಣಗಳನ್ನು ನೀರಿನಲ್ಲಿ ಒಡೆದು, ಚರಟ ತೆಗೆದು, ಕಬ್ಬಿಣ ಹಿಡಿದ ಭಾಗವಾದ ಹೀಮ್‌ನ 1.2 ಪಟ್ಟು ಪೊಟ್ಯಾಸಿಯಮ್ ಫೆರಿಸಯನೈಡ್ ಬೆರೆಸಿ. ಬಣ್ಣ ಕಂದಾಗಿ, ಬೆಳಕಿನ ಹೀರಿಕೆಯಲ್ಲಿ 630 ನ್ಯಾನೋಮೀಟರ್‌ನಲ್ಲಿ ಶಿಖರ ಮೂಡಬೇಕು. ಉಳಿದ ಫೆರಿಸಯನೈಡ್‌ಗೂ ತನ್ನದೇ ಸಂಕೇತ ಇರುವುದರಿಂದ ಅದನ್ನು ಜೆಲ್ ಕಾಲಮ್‌ನಲ್ಲಿ ಸೋಸಿ ತೆಗೆಯಲೇಬೇಕು.

ಮಾದರಿ ಹೆಚ್ಚಾಗಿ ಕೆಡುವುದು ಅಳತೆಗಾಗಿ ಘನೀಕರಿಸುವಾಗ. ಸೋಡಿಯಂ ಫಾಸ್ಫೇಟ್ ಬಫರ್ ಬಳಸಿದರೆ ಅದರ ಒಂದು ಲವಣ ಮೊದಲು ಹರಳುಗಟ್ಟಿ ಪಿಎಚ್ ಕುಸಿಯುತ್ತದೆ. ಮೆಟ್‌ಹಿಮೋಗ್ಲೋಬಿನ್‌ನ ಸ್ಪಿನ್ ಪಿಎಚ್‌ಗೆ ಬಲು ಸೂಕ್ಷ್ಮ: ಪಿಎಚ್ 8 ದಾಟಿದರೆ ನೀರಿನ ಜಾಗಕ್ಕೆ ಹೈಡ್ರಾಕ್ಸೈಡ್ ಬಂದು 6ರ ಸಂಕೇತ ತಗ್ಗುತ್ತದೆ. ಹೀಗಾಗಿ ಪಿಎಚ್ 6.5ರ ಪೊಟ್ಯಾಸಿಯಮ್ ಫಾಸ್ಫೇಟ್ ಲೇಸು. 4 ಮಿಲಿಮೀಟರ್ ಹೊರವ್ಯಾಸದ ಕ್ವಾರ್ಟ್ಸ್ ನಳಿಕೆಗೆ 200ರಿಂದ 300 ಮೈಕ್ರೋಲೀಟರ್ ಹಾಕಿ, ತಳದಿಂದ ಮೇಲಕ್ಕೆ ನಿಧಾನವಾಗಿ ದ್ರವ ಸಾರಜನಕದಲ್ಲಿ ಇಳಿಸಿ. ಒಮ್ಮೆಲೇ ಅದ್ದಿದರೆ ನಳಿಕೆ ಸೀಳಬಹುದು. ಅಳತೆಗೆ 10 ಕೆಲ್ವಿನ್ ಆಸುಪಾಸು ಒಳ್ಳೆಯದು. ಮೈಕ್ರೋವೇವ್ ಶಕ್ತಿಯನ್ನು ಹೆಚ್ಚಿಸಿದಷ್ಟೂ ಸಂಕೇತ ಆ ಶಕ್ತಿಯ ವರ್ಗಮೂಲದ ಲೆಕ್ಕದಲ್ಲಿ ಬೆಳೆಯದಿದ್ದರೆ, ಅದರಿಂದ ಪ್ರಮಾಣ ಲೆಕ್ಕ ಹಾಕಬೇಡಿ.

ಇನ್ನು ರಕ್ತದ ದ್ರವಭಾಗವಾದ ಪ್ಲಾಸ್ಮಾ. ಅದು ತಾಜಾ ಇದ್ದಾಗಲೇ ಮಾತಾಡುತ್ತದೆ: ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್ ಜಿ 4.3ರಲ್ಲಿ, ತಾಮ್ರದ ಸೆರುಲೋಪ್ಲಾಸ್ಮಿನ್ 2.05ರ ಬಳಿ. ಆದರೆ ಮಾಮೂಲಿ ಗಾಜಿನೊಳಗಿನ ಕಬ್ಬಿಣವೂ ಸರಿಯಾಗಿ 4.3ರಲ್ಲೇ ಕಾಣುತ್ತದೆ, ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ಇಡಿಟಿಎ ಹಿಡಿದ ಕಬ್ಬಿಣವೂ ಅಲ್ಲೇ. ಆದ್ದರಿಂದ ರಕ್ತವನ್ನು ಹೆಪಾರಿನ್ ಟ್ಯೂಬಿನಲ್ಲಿ ತೆಗೆದುಕೊಳ್ಳಿ, ಖಾಲಿ ನಳಿಕೆಯನ್ನೂ ಒಮ್ಮೆ ಅಳೆದಿಡಿ.